ಎರಡನೇ ಶೆಡ್ಡಿನ ಬಿಡುಗಡೆ

ಆಫೀಸಿನಲ್ಲಿ ಅವಳನ್ನು ಎಲ್ಲರೂ ‘ಎರಡುಸಲ’ ಎಂದೇ ಕರೆಯುತ್ತಿದ್ದರು. ಬೀಗ ಹಾಕಿದರೆ ಎರಡು ಸಲ ಜಗ್ಗಿ ನೋಡುವಳು. ಕಂಪ್ಯೂಟರಿನ ಕರಿ ಪರದೆಯ ಮೇಲೆ ಒಂದು ಸಾಲು ಆದೇಶ ಟೈಪ್ ಮಾಡಿದರೆ, ಎಂಟರ್ ಒತ್ತುವ ಮೊದಲು ತುಟಿಯಲ್ಲೇ ಎರಡು ಸಲ ಓದುವಳು. ಆ ಒಂದು ಸಾಲಿನಿಂದಲೇ ಹೊಸ ಸಾಫ್ಟ್‌ವೇರ್ ಇಲ್ಲಿಂದ ಹೊರಟು, ಊರಾಚೆಯ ಕಾರ್ಖಾನೆಯ ಪ್ರೆಸ್‌ಗಳಿಗೆ ಹೋಗಿ ಕೂರುತ್ತಿತ್ತು. ದಪ್ಪ ತಗಡನ್ನು ಒಂದೇ ಏಟಿಗೆ ಬಾಗಿಸುವ ಪ್ರೆಸ್‌ಗಳು ಅವು. ಪ್ರತಿಯೊಂದರ ಮುಂದೆ ಕಣ್ಣಿಗೆ ಕಾಣದ ಬೆಳಕಿನ ತೆರೆ. ಅದನ್ನು ದಾಟಿ ಕೈ ಒಳಗೆ ಹೋದರೆ ಪ್ರೆಸ್ ತಟ್ಟನೆ ನಿಲ್ಲಬೇಕು. ನಿಲ್ಲಿಸುವುದು ಇವರ ಆಫೀಸಿನ ಸಾಫ್ಟ್‌ವೇರ್.

ಇಷ್ಟು ಎಚ್ಚರದವಳೂ ಒಂದು ವಿಷಯದಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು. ಬಿಡುಗಡೆಗೆ ಮೊದಲು ನಡೆಯುವ ಪರೀಕ್ಷೆ ತಿಂಗಳುಗಳಿಂದ ವಿನಾಕಾರಣ ಕೆಂಪು ತೋರಿಸಿ ‘ತಪ್ಪಿದೆ’ ಎನ್ನುತ್ತಿತ್ತು. ಸುಮ್ಮಸುಮ್ಮನೆ ಬೊಗಳುವ ನಾಯಿಯ ಬಾಯಿ ಕಟ್ಟುವ ಹಾಗೆ, ಎಲ್ಲರೂ ಸಾಲಿನ ಕೊನೆಗೆ ‘ಸ್ಕಿಪ್’ ಎಂದು ಸೇರಿಸಿ ಪರೀಕ್ಷೆಯನ್ನೇ ಹಾರಿಸಿಬಿಡುತ್ತಿದ್ದರು. ಅವಳೂ ಅಷ್ಟೇ. ಆ ‘ಸ್ಕಿಪ್’ ಅನ್ನೂ ಎರಡು ಸಲ ಓದುತ್ತಿದ್ದಳು.

ಅಂದು ಬೆಳಿಗ್ಗೆ ಪಾಳಿಗೆ ಮೊದಲು ಒಂದನೇ ಶೆಡ್ಡಿಗೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಎರಡನೇ ಶೆಡ್ಡಿಗೆ ಹೊಸ ಆವೃತ್ತಿ ಬಿಟ್ಟಾಗಿತ್ತು. ಆವೃತ್ತಿ ಬದಲಾದರೆ ಪ್ರೆಸ್‌ಗಳೆಲ್ಲ ಒಮ್ಮೆ ನಿಂತು ಏಳುತ್ತವೆ, ಹಾಗಾಗಿ ಕೆಲಸದ ನಡುವೆ ಬಿಡುವಂತಿಲ್ಲ. ಎರಡು ಗಂಟೆಗೆ ಬಿಡುವು ಮುಗಿದು ಮುಂದಿನ ಪಾಳಿ. ಎರಡಕ್ಕೆ ಹತ್ತು ನಿಮಿಷವಿರುವಾಗ, ಆಫೀಸಿನಲ್ಲಿ ಅವಳೂ ಮ್ಯಾನೇಜರೂ ಮಾತ್ರ ಇದ್ದಾಗ, ಕಾರ್ಖಾನೆಯ ಫಿಟ್ಟರ್ ಬಾಗಿಲು ಒದ್ದುಕೊಂಡು ಒಳಗೆ ಬಂದ. ಕೈಯಲ್ಲಿ ಮೊಳದುದ್ದದ ಸ್ಪ್ಯಾನರ್. ಅಂಗಿಯ ಎದೆಯೆಲ್ಲ ರಕ್ತ, ಅವನದಲ್ಲ.

“ಹೊಸದು ಯಾರು ಬಿಟ್ಟಿದ್ದು?”

ಮ್ಯಾನೇಜರ್ ಎದ್ದ. “ಏಯ್, ಯಾರಯ್ಯಾ ನೀನು? ನಿನ್ನ ಒಳಗೆ ಬಿಟ್ಟೋರು ಯಾರು?”

“ಬೆಳಿಗ್ಗೆ ಒಂದನೇ ಶೆಡ್ಡಲ್ಲಿ ನನ್ನ ತಮ್ಮನ ನಾಲ್ಕು ಬೆರಳು ತಗಡಿನ ಜೊತೆ ಚಪ್ಪಟೆ ಆಗಿದೆ ಕಣಯ್ಯಾ! ಕೈ ಒಳಗಿದ್ರೂ ಪ್ರೆಸ್ ನಿಲ್ಲಲಿಲ್ಲ. ಸೂಪರ್‌ವೈಸರ್‌ಗೆ ಹೇಳಿದ್ರೆ, ಸಾಫ್ಟ್‌ವೇರ್‌ನೋರು ಎಲ್ಲ ಸರಿ ಇದೆ ಅಂದಿದಾರೆ, ನಿನ್ನ ತಮ್ಮನೇ ತೂಕಡಿಸ್ತಿದ್ದ ಅಂತಾನೆ. ನನ್ನ ಗೇಟಿಂದಾಚೆ ದಬ್ಬಿಸಿದ. ಎರಡನೇ ಶೆಡ್ಡಲ್ಲಿ ನನ್ನ ಹೆಂಡ್ತಿ ಇದಾಳೆ. ಫೋನೆಲ್ಲ ಲಾಕರ್‌ನಲ್ಲಿ. ಎರಡು ಗಂಟೆಗೆ ಅವಳು ಪ್ರೆಸ್‌ಗೆ ಕೈ ಹಾಕ್ತಾಳೆ!”

‘ಎರಡುಸಲ’ ತನ್ನ ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. “ನಾನೇ ಬಿಟ್ಟಿದ್ದು,” ಎಂದಳು.

ಸ್ಪ್ಯಾನರ್ ಬೀಸಿ ಬಂತು. ಅವಳ ತಲೆಗಲ್ಲ, ಪರದೆಗೆ. ಗಾಜು ಸಿಡಿದು ಅವಳ ಮುಂಗೈಯನ್ನು ಉದ್ದಕ್ಕೆ ಸೀಳಿತು. ಮತ್ತೊಂದೇಟಿಗೆ ಪರದೆ ಮಗುಚಿ ನೆಲಕ್ಕೆ ಬಿತ್ತು. “ಇನ್ನು ಹೇಗೆ ಓಡುತ್ತೋ ನೋಡೇಬಿಡ್ತೀನಿ!”

“ಅಣ್ಣಾ, ಅದು ಇಲ್ಲಿಲ್ಲ! ಆಗಲೇ ಅಲ್ಲಿಗೆ ಹೋಗಿ ಕೂತಿದೆ. ಮೇಜಿನ ಕೆಳಗಿನ ಕಂಪ್ಯೂಟರ್ ಪೆಟ್ಟಿಗೆ ಒಡೆದ್ರೆ ಹಳೇದನ್ನ ವಾಪಸ್ ಕೂರಿಸೋಕೂ ಆಗಲ್ಲ!”

ಎತ್ತಿದ ಸ್ಪ್ಯಾನರ್ ಗಾಳಿಯಲ್ಲೇ ನಿಂತಿತು. “ಕೂರಿಸ್ತೀಯಾ?”

“ಕೂರಿಸ್ತೀನಿ. ಸರ್ ಒಪ್ಪಿಗೆ ಬೇಕು.”

ಅದು ನಿಯಮ. ಅವಳು ಇಲ್ಲಿ ಟೈಪ್ ಮಾಡಬೇಕು, ಮ್ಯಾನೇಜರ್ ತನ್ನ ಲ್ಯಾಪ್‌ಟಾಪ್ ಮೇಲೆ ಹೆಬ್ಬೆರಳು ಒತ್ತಬೇಕು.

“ಪಾಳಿ ಶುರುವಾಗೋ ಹೊತ್ತಿಗಾ?” ಮ್ಯಾನೇಜರ್ ಫೋನಿಗೆ ಕೈ ಹಾಕಿದ. “ಹದಿನಾರು ಪ್ರೆಸ್ ಸತ್ತು ನಿಲ್ಲುತ್ತೆ. ಮೊದಲು ಪೊಲೀಸ್ ಬರಲಿ, ಆಮೇಲೆ ಮೀಟಿಂಗ್ ಮಾಡೋಣ.”

“ಮೀಟಿಂಗಾ? ಬೆರಳು ಎಣಿಸೋಕೆ ಮೀಟಿಂಗಾ?”

ಈ ಸಲ ಸ್ಪ್ಯಾನರ್ ಮ್ಯಾನೇಜರನ ಹೆಗಲಿಗೆ ಬಿತ್ತು. ಒಣ ಕೋಲು ಮುರಿದಂತೆ ಸದ್ದಾಯಿತು. ಮ್ಯಾನೇಜರ್ ದೊಡ್ಡ ಆಳು. ಊಳಿಡುತ್ತಲೇ ತನ್ನ ಮೇಜನ್ನು ಒದ್ದು ಫಿಟ್ಟರನ ಹೊಟ್ಟೆಗೆ ನುಗ್ಗಿಸಿದ. ಫಿಟ್ಟರ್ ಗಾಜಿನ ಮೇಲೆ ಜಾರಿ ಅಂಗಾತ ಬಿದ್ದ. ಮ್ಯಾನೇಜರ್ ಅವನ ಎದೆಯ ಮೇಲೆ ಕೂತು, ಸರಿಯಿದ್ದ ಒಂದೇ ಕೈಯಿಂದ ಗಂಟಲು ಅದುಮಿದ. ಫಿಟ್ಟರನ ಹಿಮ್ಮಡಿಗಳು ನೆಲವನ್ನು ಬಡಿಯತೊಡಗಿದವು.

ಎರಡಕ್ಕೆ ಮೂರು ನಿಮಿಷ.

ಅವಳು ಕೀಬೋರ್ಡನ್ನು ತೊಡೆಯ ಮೇಲೆಳೆದುಕೊಂಡಳು. ಪರದೆಯಿಲ್ಲ, ಓದಲು ಏನೂ ಇಲ್ಲ. ರಕ್ತಕ್ಕೆ ಕೀಲಿಗಳು ಜಾರುತ್ತಿದ್ದವು. ಒಂದೊಂದೇ ಅಕ್ಷರವನ್ನು ತುಟಿಯಲ್ಲಿ ಹೇಳಿಕೊಳ್ಳುತ್ತ ಒತ್ತಿದಳು: ಹಳೆಯ ಆವೃತ್ತಿಯ ಸಂಖ್ಯೆ, ಎರಡೂ ಶೆಡ್ಡುಗಳ ಹೆಸರು. ಪರೀಕ್ಷೆಗೆ ನಾಲ್ಕು ನಿಮಿಷ ಬೇಕು. ಇದೇ ಮೊದಲ ಬಾರಿಗೆ, ಏನು ಮಾಡುತ್ತಿದ್ದೇನೆಂದು ಪೂರ್ತಿ ಗೊತ್ತಿದ್ದು, ‘ಸ್ಕಿಪ್’ ಎಂದು ಸೇರಿಸಿದಳು. ಎಂಟರ್.

ಮ್ಯಾನೇಜರನ ಲ್ಯಾಪ್‌ಟಾಪ್ ‘ಟಿಂಗ್’ ಎಂದಿತು. ಅವಳು ಕುರುಡಾಗಿ ಹೊಡೆದ ಸಾಲು ಅಲ್ಲಿ ಒಂದಕ್ಷರವೂ ತಪ್ಪದೆ ಒಪ್ಪಿಗೆಗೆ ಕಾದು ನಿಂತಿತ್ತು.

“ಸರ್, ಹೆಬ್ಬೆರಳು ಒತ್ತಿ.”

“ತಲೆ ಕೆಟ್ಟಿದೆಯೇನೇ ನಿನಗೆ? ಇವನ ಕಾಲು ಹಿಡ್ಕೋ ಬಾ!”

“ಸರ್, ಒತ್ತಿ.”

ಎರಡು ಸಲ ಹೇಳಿಯಾಯಿತು. ಮೂರನೇ ಸಲ ಹೇಳಲಿಲ್ಲ. ನೀರು ತುಂಬಿದ ಸ್ಟೀಲ್ ಬಾಟಲಿಯನ್ನೆತ್ತಿ ಅವನ ಕಿವಿಯ ಮೇಲೆ ಬಾರಿಸಿದಳು. ಅವನು ವಾಲಿದ. ಅಭ್ಯಾಸಬಲವೋ ಏನೋ, ಇನ್ನೊಂದು ಸಲ ಬಾರಿಸಿದಳು. ಅವನು ಉರುಳಿದ. ಮುರಿದ ಹೆಗಲಿನ ಕೈಯನ್ನೇ ಹಿಡಿದೆಳೆದಾಗ ಅವನು ಕಿರುಚಿದ. ಅವಳು ಬಿಡಲಿಲ್ಲ. ಹೆಬ್ಬೆರಳನ್ನು ಲ್ಯಾಪ್‌ಟಾಪಿಗೆ ಒತ್ತಿದಳು. ರಕ್ತ ಮೆತ್ತಿದ್ದ ಬೆರಳನ್ನು ಅದು ಗುರುತಿಸಲಿಲ್ಲ. ತನ್ನ ತೋಳಿಗೆ ಒರೆಸಿ ಮತ್ತೆ ಒತ್ತಿದಳು. ಹಸಿರು.

ಎರಡು ಗಂಟೆ, ಒಂದು ನಿಮಿಷ. ಫಿಟ್ಟರ್ ಬೋರಲಾಗಿ ಕೆಮ್ಮುತ್ತಿದ್ದ. ಫೋನ್ ಹೊಡೆದುಕೊಂಡಿತು.

“ಯಾರ್ರೀ ಅದು ಪ್ರೆಸ್‌ಗಳನ್ನ ನಿಲ್ಲಿಸಿದ್ದು?” ಸೂಪರ್‌ವೈಸರ್ ಅರಚುತ್ತಿದ್ದ.

“ಎಲ್ಲರ ಕೈ ಸರಿ ಇದೆಯಾ?”

“ಯಾವ ಕೈ? ಇಲ್ಲಿ ಫಿಟ್ಟರ್ ಹೆಂಡ್ತಿ ಬೊಬ್ಬೆ ಹೊಡೀತಿದಾಳೆ. ಕೈ ಒಳಗಿರೋವಾಗಲೇ ಇಳೀತಂತೆ, ನಡುವೆ ನಿಂತಿತಂತೆ. ಗ್ಲೌಸ್ ಸಿಕ್ಕಾಕ್ಕೊಂಡಿದೆ.”

“ಗ್ಲೌಸ್ ಮಾತ್ರನಾ?”

“ಗ್ಲೌಸ್ ಮಾತ್ರ.”

“ಇನ್ನೊಂದು ಸಲ ಹೇಳಿ.”

“ಗ್ಲೌಸ್ ಮಾತ್ರ ಕಣಮ್ಮಾ!”

ಅವಳು ರಿಸೀವರನ್ನು ಫಿಟ್ಟರನ ಕಿವಿಗೆ ಹಿಡಿದಳು. ಆ ಕಡೆಯಿಂದ ಹೆಂಡತಿಯ ಬೈಗುಳ ಕೇಳಿ ಅವನ ಮುಖ ಕಲಸಿಹೋಯಿತು. ಸ್ಪ್ಯಾನರ್ ಅವನ ಕೈಗೆಟಕುವಲ್ಲೇ ಇತ್ತು. ಅವನು ಅದನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಗೊಗ್ಗರು ದನಿಯಲ್ಲಿ ಅಂದ: “ತಮ್ಮನ ಬೆರಳು?”

ಅವಳು ಕಣ್ಣು ತಪ್ಪಿಸಲಿಲ್ಲ. ಸ್ಪ್ಯಾನರನ್ನು ದೂರ ಸರಿಸಲೂ ಇಲ್ಲ.

ಗಲಾಟೆ ಕೇಳಿ ಕೆಳಗಿನ ಕಾವಲುಗಾರ ಕರೆಸಿದ್ದಿರಬೇಕು, ಮೆಟ್ಟಿಲ ಮೇಲೆ ಬೂಟುಗಳ ಸದ್ದಾಯಿತು. ಒಳಗೆ ಬಂದ ಪೊಲೀಸ್ ನೆಲದ ಮೇಲಿದ್ದ ಮ್ಯಾನೇಜರನನ್ನು ನೋಡಿ, “ಇವರ ತಲೆಗೆ ಹೊಡೆದಿದ್ದು ಯಾರು?” ಎಂದ.

“ನಾನು, ಎರಡು ಸಲ,” ಎಂದಳು. “ಬೆಳಿಗ್ಗೆ ಈ ಫಿಟ್ಟರ್ ತಮ್ಮನ ಕೈ ಹೋಯ್ತಲ್ಲ, ಅದೂ ನಾನೇ. ಅದನ್ನ ಮೊದಲು ಬರ್ಕೊಳ್ಳಿ.”