ಹತ್ತು ಮಲ್ಲಪ್ಪರ ಪಾಸು

ಸೋಮವತಿ ಅಮಾವಾಸ್ಯೆ ಸೋಮವಾರವೇ ಬರುತ್ತದೆ. ಬೇರೆ ವಾರ ಬಂದರೆ ಅದು ಸೋಮವತಿಯೇ ಅಲ್ಲ. ಮಾಯಾಳ ತಾಪತ್ರಯವೆಲ್ಲ ಇಷ್ಟರಲ್ಲೇ ಇತ್ತು.

ಭೋಸರಿಯ ಗುತ್ತಿಗೆದಾರ ಶಿವರುದ್ರಪ್ಪನವರ ಆಫೀಸಿನಲ್ಲಿ ಅವಳು ಹದಿಮೂರು ವರ್ಷದಿಂದ ಗುಮಾಸ್ತೆ. ಅವರು ಆಳು ಒದಗಿಸುತ್ತಿದ್ದ ಹಿಂಜವಾಡಿಯ ಕಟ್ಟಡದ ಗೇಟಿನಲ್ಲಿ ಪ್ರತಿ ಸೋಮವಾರ ಪ್ರತಿ ಆಳಿಗೂ ಆ ವಾರದ ಹೊಸ ಪಾಸು ಬೇಕು. ಅದೇ ಹೆಸರು, ಅದೇ ಊರು, ಅದೇ ಫೋಟೊ. ಬದಲಾಗುವುದು ತಾರೀಖು ಮಾತ್ರ. ಈ ನಿಯಮ ಮಾಡಿದ ಪುಣ್ಯಾತ್ಮ ಜನ್ಮದಲ್ಲಿ ಒಂದು ಪಾಸನ್ನೂ ಟೈಪ್ ಮಾಡಿರಲಿಕ್ಕಿಲ್ಲ. ಬೆಳಿಗ್ಗೆ ಆರಕ್ಕೆ ಸೈಟಿನ ಮೇಲ್ವಿಚಾರಕ ಕೃಷ್ಣಾಜಿ ಪಟ್ಟಿ ಕಳಿಸಿದರೆ, ಒಂಬತ್ತರೊಳಗೆ ಮಾಯಾ ಎಂಬತ್ತಾರು ಪಾಸು ತಯಾರಿಸಬೇಕು. ಪಾಸಿಲ್ಲದವನನ್ನು ಒಳಗೆ ಬಿಡುವುದಿಲ್ಲ, ಆ ದಿನದ ಕೂಲಿಯೂ ಇಲ್ಲ.

ಇತ್ತ ಮನೆಯಲ್ಲಿ ಅತ್ತೆ ಯಂಕವ್ವ. ಮನೆದೇವರು ಜೇಜುರಿಯ ಖಂಡೋಬಾ, ಇವರ ಬಾಯಲ್ಲಿ ಮಲ್ಲಯ್ಯ. ಸೋಮವತಿಯ ದಿನ ಸೊಸೆಯ ಜೊತೆ ಗುಡ್ಡ ಹತ್ತಿ ಪಲ್ಲಕ್ಕಿಯ ಮೇಲೆ ಭಂಡಾರದ ಅರಿಶಿನ ತೂರುತ್ತೇನೆಂದು ಆಕೆ ಹರಕೆ ಹೊತ್ತು ಎಂಟು ವರ್ಷವಾಗಿತ್ತು.

"ಈ ವರ್ಷ ಮೊಣಕಾಲು ನನ್ನ ಮಾತು ಕೇಳ್ತಾವ," ಎಂದಳು ಯಂಕವ್ವ. "ಮುಂದಿನ ವರ್ಷದ್ದು ಹೇಳಾಕ ಬರೂದಿಲ್ಲ ಯವ್ವಾ."

ಹೇಗಾದರೂ ಆ ಸೋಮವಾರ ಬಿಡುವು ಮಾಡಿಕೊಳ್ಳಲೇಬೇಕೆಂದು ಮಾಯಾ ನಿರ್ಧರಿಸಿದಳು. ಕೆಳಗಿನ ಮನೆಯ ಸ್ನೇಹಲ್ ಸಾಫ್ಟ್‌ವೇರ್ ಆಫೀಸಿನವಳು. ಎರಡು ಭಾನುವಾರ ಅವಳ ಪಕ್ಕ ಕುಳಿತು ಮಾಯಾ, ಕಂಪ್ಯೂಟರ್ ತಾನೇ ಪಾಸು ಮಾಡುವಂಥ ಸ್ಕ್ರಿಪ್ಟ್ ಬರೆಯಲು ಕಲಿತಳು. ಹೆಚ್ಚೇನಿಲ್ಲ, ಇಪ್ಪತ್ತು ಸಾಲು. ಪಟ್ಟಿಯಿಂದ ಒಬ್ಬೊಬ್ಬನನ್ನೇ ತೆಗೆದುಕೋ, ಪಾಸಿನ ನಮೂನೆಯಲ್ಲಿ ತುಂಬು, ತಾರೀಖು ಹಾಕು, ಅವನ ಹೆಸರಿನಲ್ಲಿ ಉಳಿಸಿಡು, ಮುಂದಿನವನನ್ನು ಕರೆ. ಇನ್ನು ಕೃಷ್ಣಾಜಿಯೇ ಸೈಟಿನಲ್ಲಿ ಬಟನ್ ಒತ್ತಿ ಪಾಸು ಪ್ರಿಂಟ್ ಮಾಡಿಕೊಳ್ಳಬಹುದು.

ಶಿವರುದ್ರಪ್ಪನವರು ಸುಲಭಕ್ಕೆ ನಂಬುವ ಪೈಕಿಯಲ್ಲ. "ಶನಿವಾರ ನನ್ನ ಮುಂದ ಮಾಡಿ ತೋರಸ್ರಿ. ಎಂಬತ್ತಾರೂ ಬಂದ್ರ ಜೇಜುರಿಗೆ ಹೋಗ್ರಿ. ಒಂದು ಕಮ್ಮಿ ಬಂದ್ರೂ ಸೋಮವಾರ ಇಲ್ಲೇ ಕೂಡ್ರಿ."

ಶನಿವಾರ ಮಾಯಾ ಬಟನ್ ಒತ್ತಿದಳು. ಎಪ್ಪತ್ತೇಳು ಬಂದವು. ಮತ್ತೆ ಒತ್ತಿದಳು. ಮತ್ತೆ ಎಪ್ಪತ್ತೇಳು.

"ಚಹಾ ಕುಡದು ಬರ್ತೀನಿ," ಎಂದು ಶಿವರುದ್ರಪ್ಪನವರು ಎದ್ದರು. "ಅಷ್ಟರಾಗ ನೋಡ್ರಿ."

ಒಂಬತ್ತು ಗಂಡಸರು ಎಲ್ಲಿ ಮಾಯವಾದರು? ಮಾಯಾ ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ತಾಳೆ ನೋಡಿದಳು. ಶಹಾಪುರದ ಮಲ್ಲಪ್ಪನ ಪಾಸಿಲ್ಲ. ಗುರಮಠಕಲ್ಲಿನ ಮಲ್ಲಪ್ಪನದೂ ಇಲ್ಲ. ಸುರಪುರದ ಮಲ್ಲಪ್ಪನದು ಮಾತ್ರ ಇತ್ತು. ದಸರೆಯ ನಂತರ ಯಾದಗಿರಿ ಕಡೆಯಿಂದ ಬಂದ ಗುಂಪಿನಲ್ಲಿ ಹತ್ತು ಜನ ಮಲ್ಲಪ್ಪರೇ. ಹೆಸರಿನಲ್ಲಿ ಉಳಿಸಿಡು ಎಂದು ಯಂತ್ರಕ್ಕೆ ಹೇಳಿದವಳು ಅವಳೇ. ಎರಡನೆಯ ಮಲ್ಲಪ್ಪ ಬಂದಾಗ ಅದು ಮೊದಲನೆಯವನನ್ನು ಅಳಿಸಿ ಆ ಜಾಗದಲ್ಲಿ ಇವನನ್ನು ಕೂರಿಸಿತ್ತು, ಹೀಗೇ ಕೊನೆಯ ಮಲ್ಲಪ್ಪನವರೆಗೆ. ಮಲ್ಲಯ್ಯನ ಹೆಸರಿಟ್ಟುಕೊಂಡವರೇ ಮಲ್ಲಯ್ಯನ ದಾರಿಗೆ ಅಡ್ಡ ಬಂದಿದ್ದರು. ಮಾಯಾಗೆ ನಗು ತಡೆಯಲಾಗಲಿಲ್ಲ. ಹೆಸರಿನ ಮುಂದೆ ಆಳಿನ ನಂಬರನ್ನೂ ಸೇರಿಸಿ ಒತ್ತಿದಳು.

ಚಹಾ ಮುಗಿಸಿ ಬಂದ ಶಿವರುದ್ರಪ್ಪನವರು ಎರಡು ಸಲ ಎಣಿಸಿದರು. ಎಂಬತ್ತಾರು.

"ನನ್ನ ಹೆಸರಿನಾಗೂ ಒಂದು ಕಾಯಿ ಒಡಸ್ರಿ," ಎಂದರು.

ಸೋಮವಾರ ಒಂಬತ್ತೂವರೆಗೆ ಅತ್ತೆ ಸೊಸೆ ಜೇಜುರಿಯ ಅರ್ಧ ಮೆಟ್ಟಿಲು ಹತ್ತಿದ್ದರು. ಅಲ್ಲಿಗೆ ಯಂಕವ್ವನ ಮೊಣಕಾಲು ಮಾತು ಕೇಳುವುದನ್ನು ನಿಲ್ಲಿಸಿದವು. ಆಕೆ ಮೆಟ್ಟಿಲ ಮೇಲೆ ಕುಳಿತಾಗಲೇ ಕೃಷ್ಣಾಜಿಯ ಫೋನ್ ಬಂತು. ಮತ್ತೆ ಯಾರ ಪಾಸು ಕಮ್ಮಿ ಬಂತೋ ಎನ್ನುತ್ತ ಮಾಯಾ ಫೋನ್ ಕಿವಿಗಿಟ್ಟಳು.

"ಪಾಸ್ ಎಲ್ಲಾ ಬಂದಾವ್ರಿ," ಎಂದ ಕೃಷ್ಣಾಜಿ. "ಆದ್ರ ಹತ್ತು ನನ್ನ ಕೈಯಾಗ ಉಳದಾವ. ಹತ್ತು ಮಂದಿಗೆ ಜ್ವರ ಅಂತ, ಈಗ ಫೋನ್ ಮಾಡಿ ಹೇಳಿದ್ರು."

"ಯಾರ್ಯಾರ್ರಿ?" ಎಂದು ಕೇಳುತ್ತಲೇ ಮಾಯಾ ಮೆಟ್ಟಿಲ ಕೆಳಗೆ ನೋಡಿದಳು. ಮೈತುಂಬ ಅರಿಶಿನ ಬಳಿದುಕೊಂಡ ಒಂದು ಗುಂಪು ಏಳುಕೋಟಿ ಏಳುಕೋಟಿಗೋ ಎಂದು ಮಲ್ಲಯ್ಯನಿಗೆ ಜಯಕಾರ ಹಾಕುತ್ತ ಏರಿ ಬರುತ್ತಿತ್ತು. ಆ ಮುಖಗಳನ್ನು ಅವಳು ಒಮ್ಮೆಯೂ ಎದುರಿಗೆ ಕಂಡವಳಲ್ಲ, ಆದರೆ ವಾರವಾರವೂ ಪಾಸಿಗೆ ಅಂಟಿಸಿದವಳು. ಫೋಟೊದಲ್ಲಿ ಎಲ್ಲರೂ ಮುಖ ಗಂಟು ಹಾಕಿಕೊಂಡಿದ್ದರು. ಇಲ್ಲಿ ನಗುತ್ತಿದ್ದುದರಿಂದ ಗುರುತು ಹಿಡಿಯಲು ತುಸು ಹೊತ್ತು ಹಿಡಿಯಿತು.

"ಮಲ್ಲಪ್ಪಾ," ಎಂದು ಕೂಗಿದಳು.

ಹತ್ತೂ ತಲೆಗಳು ತಿರುಗಿದವು.

"ಜ್ವರ ಹೆಂಗದ?"

ಏಳುಕೋಟಿ ಅಲ್ಲಿಗೇ ನಿಂತಿತು. "ನೀವು ಯಾರ್ರಿ ಅಕ್ಕಾರ?" ಎಂದ ಮುಂದಿದ್ದವನು, ದನಿ ಇಳಿಸಿ.

"ನಿಮ್ಮ ಪಾಸ್ ಮಾಡಾಕಿ. ಜ್ವರದಾಗ ಒಬ್ಬ ಮುದುಕೀನ ಮ್ಯಾಲೆ ಕರ್ಕೊಂಡು ಹೋಗಾಕ ಆಗ್ತದೇನು?"

ಕೇಳಿದ್ದೇ ತಡ, ಇಬ್ಬರು ಮಲ್ಲಪ್ಪರು ಕೈಗೆ ಕೈ ಹೆಣೆದು ಯಂಕವ್ವನನ್ನು ಕೂರಿಸಿಕೊಂಡರು, ಉಳಿದ ಎಂಟು ಜನ ದಾರಿ ಬಿಡಿಸಿದರು. ಮುದುಕಿ ಒಬ್ಬೊಬ್ಬನ ಹೆಸರನ್ನೂ ಕೇಳುತ್ತ, ಹಲ್ಲಿಲ್ಲದ ಬಾಯಿ ತೆರೆದು ನಗುತ್ತ ಮೇಲೆ ಹೋದಳು. ಹಿಂದೆ ನಿಂತು ನೋಡುತ್ತಿದ್ದ ಮಾಯಾಳ ಕಣ್ಣು ತುಂಬಿತು. ಇಷ್ಟು ಸಂತೋಷವಾಗಿ ಅವಳಿಗೆ ಎಷ್ಟು ವರ್ಷವಾಗಿತ್ತೋ. ಕೈಯಲ್ಲಿದ್ದ ಫೋನು ಇನ್ನೂ ಹಲೋ ಹಲೋ ಎನ್ನುತ್ತಿತ್ತು.

"ಆ ಹತ್ತು ಪಾಸು ಜೋಪಾನ ಇಟ್ಟಿರ್ರಿ ಕೃಷ್ಣಾಜಿ," ಎಂದಳು. "ನಾಳೆ ಮುಂಜಾನೆ ಎಲ್ಲಾರ್ದೂ ಜ್ವರ ಬಿಡ್ತದ."