ಖಾಲಿ ಬಿದ್ದಿದ್ದ ಹೆಸರು

"ಲೆವಾಸಮೋಯೆ ಸತ್ತ! ಥೂ, ಮತ್ತೆ ಸತ್ತ!"

ಮಂಗಳವಾರ ಮಧ್ಯಾಹ್ನ ಹಡಗುಕಟ್ಟೆಯ ಮೊಬೈಲ್ ಅಂಗಡಿಯ ಜಗಲಿಯಲ್ಲಿ ಕೂತು ನಮ್ಮ ತಂಡದ ನಾಯಕ ಎತಿ ಹೀಗೆ ಕಿರುಚಿದ. ಅವನು ಕಿರುಚದೆ ಆಡಿದ ದಿನವೇ ಇಲ್ಲ. ಆದರೆ ಆ ಹೊತ್ತಿಗೆ ಸರಿಯಾಗಿ ನಮ್ಮೂರಿನ ಬಸ್ಸು ಅಂಗಡಿ ಮುಂದೆ ನಿಂತಿತ್ತು. ಕಿಟಕಿಗೆ ಗಾಜಿಲ್ಲದ ಮರದ ಬಸ್ಸು, ಒಳಗೆ ಸಂತೆ ಮುಗಿಸಿ ಹೊರಟ ಏಳು ಹೆಂಗಸರು, ಅವರ ಹದಿನಾಲ್ಕು ಕಿವಿ. ಬಸ್ಸು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

ಲೆವಾಸಮೋಯೆ ಅನ್ನುವುದು ನಮ್ಮ ಮನೆತನದ ಪಟ್ಟದ ಹೆಸರು. ಆ ಹೆಸರು ಹೊತ್ತವರೇ ಮನೆತನದ ಯಜಮಾನರು. ಜಮೀನು ಅವರ ಮಾತಿನಂತೆ ನಡೆಯುತ್ತದೆ, ಊರಿನ ಸಭೆಯಲ್ಲಿ ಕಂಬಕ್ಕೆ ಒರಗಿ ಕೂರುವ ಜಾಗ ಅವರದು. ಕೊನೆಗೆ ಹೊತ್ತವರು ನನ್ನ ತಾತ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಅವತ್ತಿನಿಂದ ಹೆಸರು ಖಾಲಿ. ತನಗೇ ಬರಬೇಕು ಅಂತ ಅಪ್ಪನ ಅಣ್ಣ ವಾಲು ದೊಡ್ಡಪ್ಪ, ಇಲ್ಲ ತನಗೇ ಅಂತ ದಾಯಾದಿ ಮೊಸೆ ಚಿಕ್ಕಪ್ಪ. ವ್ಯಾಜ್ಯ ಕೋರ್ಟಿನಲ್ಲಿದೆ. ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ಚರ್ಚಿನ ಎರಡು ಬದಿಯಲ್ಲಿ ಕೂತು ಅವರು ಒಂಬತ್ತು ವರ್ಷದಿಂದ ದೇವರ ಹಾಡು ಹಾಡುತ್ತಿದ್ದಾರೆ.

ಹೀಗಿರುವಾಗ ಲೆವಾಸಮೋಯೆ ಸತ್ತ ಅಂದರೆ ಊರಿನವರು ಏನು ತಿಳಿಯಬೇಕು? ಯಾರೋ ಕದ್ದುಮುಚ್ಚಿ ಪಟ್ಟ ಕಟ್ಟಿಸಿಕೊಂಡಿದ್ದ, ಈಗ ಸತ್ತಿದ್ದಾನೆ, ಅಷ್ಟೆ. ವಾಲು ದೊಡ್ಡಪ್ಪ ಕೆಸುವಿನ ತೋಟದಿಂದ ಕೆಸರುಗಾಲಿನಲ್ಲೇ ಮೊಸೆ ಚಿಕ್ಕಪ್ಪನ ಮನೆ ಕಡೆ ಓಡಿದ. ಮೊಸೆ ಚಿಕ್ಕಪ್ಪ ಬಲೆ ಅಲ್ಲೇ ಬಿಸಾಕಿ ದೊಡ್ಡಪ್ಪನ ಮನೆ ಕಡೆ ಓಡಿದ. ದಾರಿ ಮಧ್ಯೆ ಎದುರುಬದುರಾದರು. ಇಬ್ಬರೂ ಬದುಕಿದ್ದರು. ಇಬ್ಬರ ಮುಖವೂ ಸಣ್ಣಗಾಯಿತು ಅಂತ ನೋಡಿದವರು ಈಗಲೂ ಹೇಳುತ್ತಾರೆ.

ಸತ್ತಿದ್ದು ನಾನು. ಆಟದಲ್ಲಿ. ಐದೈದು ಜನರ ಎರಡು ತಂಡಗಳು ಬಂದೂಕು ಹಿಡಿದು ಹೊಡೆದಾಡುವ ಮೊಬೈಲ್ ಆಟ ಅದು. ಗುಂಡು ಬಿದ್ದವರು ಹತ್ತು ಸೆಕೆಂಡ್ ಕಳೆದರೆ ಎದ್ದು ಮತ್ತೆ ಓಡಬಹುದು.

ಆ ಹೆಸರಿನ ಕತೆಯನ್ನೂ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬಣ್ಣ ಕಟ್ಟುವುದು ಬೇಡ. ಮೊದಲು ನಾನು 'ರೂತಾ ೨೨' ಅಂತ ಇಟ್ಟುಕೊಂಡಿದ್ದೆ. ನನ್ನ ಹೆಸರು ರೂತಾ, ವಯಸ್ಸು ಇಪ್ಪತ್ತೆರಡು. ಎತಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ರೂತಾ ಇಪ್ಪತ್ತೆರಡಂತೆ! ಇದೇನು ಆಸ್ಪತ್ರೆ ಚೀಟಿನಾ? ಹೊಡೆಸಿಕೊಂಡವನು ಮನೆಗೆ ಹೋಗಿ ಉಂಡ ಮೇಲೂ ನೆನಪಿಟ್ಕೋಬೇಕು ಕಣೇ, ಅಂಥ ಹೆಸರಿಡು."

"ನಿಂದೇನು ದೊಡ್ಡ ಹೆಸರು? ಪಿಸುಪೋ! ಡಬ್ಬದ ಮಾಂಸ!"

"ಮರೆಯೋಕಾಗುತ್ತಾ ಹೇಳು? ನಮ್ಮೂರಲ್ಲಿ ಮದುವೆಗೂ ಅದೇ, ಸಾವಿಗೂ ಅದೇ."

ಅದು ನಿಜ. ನಾನು ಸೋತು ಹೊಸ ಹೆಸರು ಹುಡುಕತೊಡಗಿದೆ. ಕರಿ ಶಾರ್ಕ್ ಅಂತ ಬರೆದೆ, ಯಾರೋ ಆಗಲೇ ಇಟ್ಟುಕೊಂಡಿದ್ದರು. ಬೆಂಕಿಬೆಟ್ಟ ಅಂತ ಬರೆದೆ, ಅದೂ ಹೋಗಿತ್ತು. ಬಿರುಗಾಳಿ, ಚಂಡಮಾರುತ, ಸಿಡಿಲು, ಜಗತ್ತಿನ ಶೂರರೆಲ್ಲ ನನಗಿಂತ ಮೊದಲೇ ಬಂದು ಬಾಚಿಕೊಂಡು ಹೋಗಿದ್ದರು. ರೇಗಿಹೋಗಿ ಕೈಗೆ ಬಂದದ್ದನ್ನು ಒತ್ತಿದೆ. ಕೈಗೆ ಬಂದದ್ದು ಲೆವಾಸಮೋಯೆ.

ಪರದೆಯ ಮೇಲೆ ಬಂತು: ಈ ಹೆಸರು ಖಾಲಿ ಇದೆ. ನಿಮಗೆ ಬೇಕೇ?

ನಾನು ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತೆ. ನಮ್ಮೂರಿನಲ್ಲಿ ಹೆಂಗಸರಿಗೆ ಪಟ್ಟ ಕಟ್ಟುವುದಿಲ್ಲ. ಬೇರೆ ಊರುಗಳಲ್ಲಿ ಕಟ್ಟುತ್ತಾರೆ, ನಮ್ಮಲ್ಲಿ ಇಲ್ಲ. ತಾತ ಹಾಸಿಗೆ ಹಿಡಿದಾಗ ಕೋಕೋ ಕಾಯಿಸಿ ಕುಡಿಸಿದವಳು ನಾನು. ಏಳು ತಲೆಮಾರಿನ ಹೆಸರನ್ನು ಅವರು ಬಾಯಿಪಾಠ ಮಾಡಿಸಿದ್ದು ನನಗೆ, ಯಾಕೆಂದರೆ ಹತ್ತಿರ ಕೂತು ಕೇಳಿಸಿಕೊಂಡವಳು ನಾನೊಬ್ಬಳೇ. ಹಾಗಿದ್ದೂ ನಿನಗೆ ಬೇಕೇ ಅಂತ ಇಲ್ಲಿಯತನಕ ಒಬ್ಬರೂ ಕೇಳಿರಲಿಲ್ಲ. ಫೋನು ಕೇಳಿತು. ಬೇಕು ಅಂತ ಒತ್ತಿದೆ.

ಎಂಟು ತಿಂಗಳಲ್ಲಿ ಆ ಹೆಸರು ನಮ್ಮ ಸವಾಯಿ ದ್ವೀಪ ದಾಟಿ ರಾಜಧಾನಿ ಆಪಿಯಾ ಮುಟ್ಟಿತು, ಅಲ್ಲಿಂದ ಪರದೇಶದ ಆಕ್ಲೆಂಡಿನ ತನಕ ಹೋಯಿತು. ಲೆವಾಸಮೋಯೆ ಇದ್ದರೆ ಎಡಗಡೆಯಿಂದ ಹೋಗಬೇಡಿ ಅಂತ ಎದುರಾಳಿಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಶನಿವಾರ ಆಪಿಯಾದಲ್ಲಿ ದೇಶಮಟ್ಟದ ಪಂದ್ಯ. ನಮ್ಮ ತಂಡ ಎಂಟರ ಘಟ್ಟಕ್ಕೆ ಬಂದಿತ್ತು. ಹೆಸರು ನೋಂದಾಯಿಸಿ ಆಗಿತ್ತು. ಒಬ್ಬರ ಹೆಸರು ಪಟ್ಟಿಯಿಂದ ಬಿದ್ದರೂ ತಂಡವೇ ಹೊರಗೆ, ನಿಯಮ ಹಾಗಿತ್ತು.

ಬುಧವಾರ ಮಧ್ಯಾಹ್ನ ಮನೆತನದ ಸಭೆ ಸೇರಿತು. ಗೋಡೆಯಿಲ್ಲದ ದೊಡ್ಡ ಮನೆ, ಕಂಬಗಳಿಗೆ ಒರಗಿ ಗಂಡಸರು, ಹಿಂದೆ ಚಾಪೆಯ ಮೇಲೆ ಬೀಸಣಿಗೆ ಹಿಡಿದ ಹೆಂಗಸರು. ಯಜಮಾನರ ಕಂಬ ಮಾತ್ರ ಖಾಲಿ. ನಾನೂ ಎತಿಯೂ ನಡುವೆ. ತಾತನ ತಂಗಿ ಫೀನಾ ಅಜ್ಜಿಯನ್ನು ಎತ್ತಿಕೊಂಡು ಬಂದು ಮುಂದೆ ಕೂರಿಸಿದ್ದರು. ಎಂಬತ್ತೇಳು ವರ್ಷದ ಆ ಜೀವದ ಮಾತನ್ನು ನಮ್ಮಲ್ಲಿ ಯಾವ ಗಂಡಸೂ ದಾಟುವಂತಿಲ್ಲ. ಪಟ್ಟದವರ ಅಕ್ಕತಂಗಿಯರಿಗೆ ಅಷ್ಟು ಮರ್ಯಾದೆ. ಆದರೆ ಪಟ್ಟದ ವಿಷಯದಲ್ಲಿ ಅಜ್ಜಿ ಒಂಬತ್ತು ವರ್ಷದಿಂದ ಬಾಯಿ ಬಿಟ್ಟಿರಲಿಲ್ಲ.

"ನಾಚಿಕೆ ಆಗಲ್ವೇನೇ?" ಅಂತ ವಾಲು ದೊಡ್ಡಪ್ಪ ಶುರುಮಾಡಿದ. "ಆ ಹೆಸರನ್ನ ಬೀದಿಲಿ ಹಾಕಿ ತುಳಿಸ್ತೀಯಾ?"

"ಅದೂ 'ಸತ್ತ' ಅಂತೆ!" ಮೊಸೆ ಚಿಕ್ಕಪ್ಪ ದನಿ ಸೇರಿಸಿದ. "ಪಟ್ಟದವರನ್ನ 'ತೀರಿಕೊಂಡರು' ಅನ್ನಬೇಕು. ಅಷ್ಟೂ ಗೊತ್ತಾಗಲ್ವಾ?"

ಎತಿ ತಲೆ ಬಗ್ಗಿಸಿಕೊಂಡೇ ಹೇಳಿದ: "ತಪ್ಪಾಯ್ತು ಚಿಕ್ಕಪ್ಪ. ಇನ್ಮೇಲೆ 'ಲೆವಾಸಮೋಯೆಯವರು ತೀರಿಕೊಂಡರು, ಬಾಂಬ್ ಎಸೀರೋ' ಅಂತೀವಿ."

ಹಿಂದೆ ಬೀಸಣಿಗೆಗಳೆಲ್ಲ ಒಮ್ಮೆಲೇ ಮುಖಕ್ಕೆ ಬಂದವು. ನಗು ತಡೆಯಲಾರದೆ ನನ್ನ ಅಮ್ಮ ಕೆಮ್ಮಿದಳು. ದೊಡ್ಡಪ್ಪ ನೆಲಕ್ಕೆ ಕೈ ಬಡಿದ.

"ಶುಕ್ರವಾರದೊಳಗೆ ಆ ಹೆಸರು ತೆಗೀತೀಯ. ಮಾತು ಮುಗೀತು."

"ತೆಗೀತಾಳೆ," ಅಂದ ಚಿಕ್ಕಪ್ಪ. ನನ್ನ ತಲೆ ಮೇಲೆ ಕಲ್ಲು ಹಾಕುವ ವಿಷಯದಲ್ಲಾದರೂ ಇಬ್ಬರೂ ಒಂದಾದರು.

ನನಗೆ ಮೈಯೆಲ್ಲ ಉರಿಯಿತು. ಭಯವೂ ಆಯಿತು, ಸುಳ್ಳು ಹೇಳುವುದಿಲ್ಲ. ಆ ಮನೆಯಲ್ಲಿ ಹೆಣ್ಣುಮಗಳು ಹಿರಿಯರಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ತೆಗೀತೀನಿ ದೊಡ್ಡಪ್ಪ," ಅಂದೆ. "ಶುಕ್ರವಾರದೊಳಗೆ ಒಬ್ಬರಿಗೆ ಪಟ್ಟ ಕಟ್ಟಿ. ನೀವಾದ್ರೂ ಸರಿ, ಚಿಕ್ಕಪ್ಪ ಆದ್ರೂ ಸರಿ. ಕಟ್ಟಿದ ಗಳಿಗೇಲೇ ತೆಗೀತೀನಿ."

ದೊಡ್ಡಪ್ಪ ಕೂತಲ್ಲೇ ಸರಿದಾಡಿದ.

"ಅದು ಕೋರ್ಟಲ್ಲಿದೆ..."

"ಹಾಗಿದ್ರೆ ತೆಗೆಯಲ್ಲ."

"ಏನಂದೆ? ದಿನಕ್ಕೆ ಎಷ್ಟು ಸಲ ಸಾಯ್ಸಿದೀಯ ಆ ಹೆಸರನ್ನ, ಲೆಕ್ಕ ಇದ್ಯಾ?"

"ಸಾಯ್ಸಿದೀನಿ ದೊಡ್ಡಪ್ಪ, ದಿನಕ್ಕೆ ಹತ್ತು ಸಲ ಸಾಯ್ಸಿದೀನಿ. ಹತ್ತು ಸಲನೂ ಎದ್ದಿದೆ. ನಿಮ್ಮ ಕೈಲಿ ಒಂದೇ ಸಲ ಸತ್ತಿದ್ದು, ಒಂಬತ್ತು ವರ್ಷ ಆಯ್ತು, ಇನ್ನೂ ಎದ್ದಿಲ್ಲ."

ಅಮ್ಮ ತಲೆ ಮೇಲೆ ಕೈ ಇಟ್ಟುಕೊಂಡಳು. ಚಿಕ್ಕಪ್ಪ ನನ್ನ ಕಡೆ ನೋಡಲಿಲ್ಲ, ಆ ಖಾಲಿ ಕಂಬದ ಕಡೆ ನೋಡಿದ. ಫೀನಾ ಅಜ್ಜಿ ಮಾತ್ರ ಕತ್ತು ಎತ್ತಿ ಕೇಳಿದಳು:

"ಲೇ ರೂತಾ, ಆ ಆಟ ಯಾವತ್ತು?"

"ಶನಿವಾರ ಅಜ್ಜಿ."

"ನಾನೂ ಬರ್ತೀನಿ."

ಇದು ಒಪ್ಪಿಗೆಯೋ ಕೋಪವೋ ಯಾರಿಗೂ ತಿಳಿಯಲಿಲ್ಲ. ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಶನಿವಾರ ಬೆಳಗಿನ ಹಡಗಿನಲ್ಲಿ ನಾವು ಐದು ಜನ, ಅಜ್ಜಿ, ಅಜ್ಜಿಯ ಚಾಪೆ. ಹಡಗಿನ ಆ ತುದಿಯಲ್ಲಿ ವಾಲು ದೊಡ್ಡಪ್ಪ, ಈ ತುದಿಯಲ್ಲಿ ಮೊಸೆ ಚಿಕ್ಕಪ್ಪ. ಇಬ್ಬರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಸಿದ್ಧವಾಗಿದ್ದರು. ಅವರ ಹತ್ತಿರ ಒಂದು ಕಾಗದವಿತ್ತು: ನಮ್ಮ ಮನೆತನದ ಹೆಸರನ್ನು ಈ ಹುಡುಗಿ ಅಪ್ಪಣೆಯಿಲ್ಲದೆ ಬಳಸಿದ್ದಾಳೆ, ತೆಗೆದುಹಾಕಿ. ಕೆಳಗೆ ಇಬ್ಬರದೂ ಸಹಿ. ಒಂಬತ್ತು ವರ್ಷದಲ್ಲಿ ಇಬ್ಬರೂ ಸೇರಿ ಸಹಿ ಮಾಡಿದ ಮೊದಲ ಕಾಗದ ಅದು. ಎತಿಯ ಮುಖ ಬಾಡಿಹೋಯಿತು.

"ಬಿಟ್ಟುಬಿಡೋಣ ಕಣೇ," ಅಂದ ಮೆಲ್ಲಗೆ. "ಅವರು ದೊಡ್ಡವರು."

"ನೀನು ಬಿಡು. ನಾನು ಬಿಡಲ್ಲ."

ಸಭಾಂಗಣದಲ್ಲಿ ಮುನ್ನೂರು ಜನ ಸೇರಿದ್ದರು. ವೇದಿಕೆಯ ಕೆಳಗೆ ಮೇಜು ಹಾಕಿಕೊಂಡು ಕನ್ನಡಕದ ಹುಡುಗಿಯೊಬ್ಬಳು ಪಟ್ಟಿ ನೋಡುತ್ತಿದ್ದಳು. ದೊಡ್ಡಪ್ಪ ಕಾಗದ ಕೊಟ್ಟ. ಅವಳು ಎರಡು ಸಲ ಓದಿದಳು.

"ಆಗಬಹುದು," ಅಂದಳು. "ಹೆಸರಿನವರೇ ಬಂದು ಬೇಡ ಅಂದ್ರೆ ತೆಗೀತೀವಿ, ನಿಯಮ ಇದೆ. ಹೇಳಿ, ನಿಮ್ಮಿಬ್ಬರಲ್ಲಿ ಲೆವಾಸಮೋಯೆ ಯಾರು?"

"ನಾನು," ಅಂದರು ಇಬ್ಬರೂ, ಒಟ್ಟಿಗೆ.

ಒಬ್ಬರ ಕಡೆ ಒಬ್ಬರು ತಿರುಗಿದರು.

"ನೀನೆಲ್ಲಿ ಬಂದೆಯೋ ಮಧ್ಯ?"

"ನಿನಗ್ಯಾವಾಗ ಕಟ್ಟಿದ್ರೋ? ಕನಸಲ್ಲಾ?"

ದೊಡ್ಡಪ್ಪ ಕಾಗದ ಎಳೆದ, ಚಿಕ್ಕಪ್ಪ ಬಿಡಲಿಲ್ಲ. ಸಹಿಗಳ ನಡುವೆ ಅದು ಹರಿಯಿತು. ಕೂತಿದ್ದ ಹುಡುಗರು ಫೋನು ತೆಗೆದು ಚಿತ್ರ ಹಿಡಿಯತೊಡಗಿದರು. ಕನ್ನಡಕದ ಹುಡುಗಿ ಪೆನ್ನು ಹಿಡಿದು ಕಾದು ಕಾದು ಸಾಕಾಗಿ ಮೈಕನ್ನೇ ಬಾಯಿಗೆ ತಂದುಕೊಂಡಳು.

"ಆಟ ಶುರುವಾಗಬೇಕು. ದಯವಿಟ್ಟು ಯಾರಾದರೂ ಹೇಳಿ. ಲೆವಾಸಮೋಯೆ ಯಾರು?"

"ನಾನು," ಅಂದೆ.

ನನ್ನ ದನಿ ಇಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ. ದೊಡ್ಡಪ್ಪ, ಚಿಕ್ಕಪ್ಪ ಇಬ್ಬರೂ ಹರಿದ ಚೂರು ಕೈಯಲ್ಲಿ ಹಿಡಿದೇ ತಿರುಗಿದರು.

"ಮುಚ್ಚೇ ಬಾಯಿ!"

"ಮುಚ್ಚಲ್ಲ. ಅವಳು ಕೇಳಿದ್ಳು, ನಾನು ಹೇಳ್ದೆ. ನಾನೇ."

ಹಿಂದಿನಿಂದ ಕೋಲು ನೆಲಕ್ಕೆ ಬಡಿದ ಸದ್ದು ಬಂತು. ಫೀನಾ ಅಜ್ಜಿ ಚಾಪೆಯಿಂದ ತಾನೇ ಎದ್ದು ನಿಂತಿದ್ದಳು, ಹಿಡಿದುಕೊಳ್ಳಲು ಬಂದ ಎತಿಯ ಕೈಯನ್ನು ಸರಿಸಿ. ಅವಳು ನಿಂತದ್ದನ್ನು ಕಂಡು ಇಬ್ಬರು ಗಂಡಸರೂ ಅಭ್ಯಾಸದಂತೆ ಮೊಣಕಾಲು ಬಗ್ಗಿಸಿ ನೆಲಕ್ಕೆ ಕೂತರು. ಅಜ್ಜಿ ಅವರ ಕಡೆ ನೋಡಲೇ ಇಲ್ಲ. ನನ್ನನ್ನು ನೋಡಿದಳು. ತನ್ನ ಅಣ್ಣ, ನನ್ನ ತಾತನ ಹತ್ತಿರ ಮಾತ್ರ ಆಡುತ್ತಿದ್ದ ದನಿಯಲ್ಲಿ ಹೇಳಿದಳು:

"ಲೆವಾಸಮೋಯೆಯವರೇ, ಹೊತ್ತಾಯ್ತು. ನಿಮ್ಮ ಜಾಗದಲ್ಲಿ ಹೋಗಿ ಕೂತ್ಕೊಳ್ಳಿ."

ನೆಲದಲ್ಲಿ ಕೂತಿದ್ದ ಇಬ್ಬರ ನಡುವೆ ನಡೆದು, ವೇದಿಕೆ ಹತ್ತಿ ನನ್ನ ಜಾಗದಲ್ಲಿ ಕೂತೆ.