ಕಿನಾಸಿಹ್ ಹೋಟೆಲಿಗೆ ಬರೆದ ಇಮೇಲು

ನಮ್ಮ ಸೋಲೋ ಊರಿನಲ್ಲಿ ಎದುರಿಗಿಟ್ಟ ಚಹಾವನ್ನು ನೆಂಟರು ಮೂರು ಸಲ ಉಪಚಾರ ಮಾಡಿಸಿಕೊಳ್ಳದೆ ಮುಟ್ಟುವುದಿಲ್ಲ. ಇಂಥವರ ಮಕ್ಕಳಿಗೆ ಇಮೇಲ್ ಬರೆಯಲು ಕಲಿಸುವುದು ನನ್ನ ಕೆಲಸ. ಕಲ್ಲಿನಿಂದ ನಾರು ತೆಗೆಯುವುದೇ ಇದಕ್ಕಿಂತ ಸುಲಭ.

ನಮ್ಮ ವೃತ್ತಿಶಾಲೆಯ ಅಡುಗೆ ವಿಭಾಗದ ವಿದ್ಯಾರ್ಥಿನಿ ಕಿನಾಸಿಹ್‌ಗೆ ಸೆಮಾರಾಂಗ್ ನಗರದ ಹೋಟೆಲೊಂದರ ಅಡುಗೆಮನೆಯಲ್ಲಿ ತರಬೇತಿ ಬೇಕಿತ್ತು. ಶುಕ್ರವಾರದೊಳಗೆ ಎಲ್ಲಾದರೂ ಜಾಗ ಸಿಗದಿದ್ದರೆ ವರ್ಷವೇ ಹೋಗುತ್ತಿತ್ತು. ಅವಳು ಮ್ಯಾನೇಜರಿಗೆ ಬರೆದ ಇಮೇಲಿನಲ್ಲಿ ಮೊದಲು ಕ್ಷಮೆ ಕೇಳಿದ್ದಳು, ಆಮೇಲೆ ಅವರ ಆರೋಗ್ಯ ವಿಚಾರಿಸಿದ್ದಳು, ಹೋಟೆಲಿನ ಹೂದೋಟ ಹೊಗಳಿದ್ದಳು, ಮತ್ತೊಮ್ಮೆ ಕ್ಷಮೆ ಕೇಳಿ ಮುಗಿಸಿದ್ದಳು. ಅದೇ ದಿನ ಉತ್ತರ ಬಂತು: ನಿಮ್ಮ ಹಾರೈಕೆಗೆ ವಂದನೆ, ನಿಮಗೂ ಒಳ್ಳೆಯದಾಗಲಿ.

ತರಗತಿ ಬಿದ್ದು ಬಿದ್ದು ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಕೇಳಬೇಕಾದ್ದನ್ನೇ ಕೇಳಿಲ್ಲವಲ್ಲೇ ಎಂದೆ. ಬಾಯಿಬಿಟ್ಟು ಕೇಳುವುದು ಹೇಗೆ, ಅವರೇ ಅರ್ಥ ಮಾಡಿಕೊಳ್ಳಬೇಕಿತ್ತು ಎಂದಳು.

ಸಲುಗೆಯ ಇಮೇಲಿನ ಪಾಠಕ್ಕೆಂದು ಅವಳು ಗೆಳತಿಗೆ ಬರೆದದ್ದನ್ನು ತೆಗೆದು ಓದಿಸಿದೆ. ಅದರಲ್ಲಿ, "ಆ ಅಡುಗೆಮನೆ ನಂಗೆ ಬೇಕೇ ಬೇಕು ಕಣೆ. ಅಲ್ಲಿ ಸಾರು ಮಾಡೋರ ಕೈ ನೋಡಿ ಕಲೀಬೇಕು" ಎಂದಿತ್ತು.

"ಇದೇ ಮಾತಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸು. ದೊಡ್ಡೋರಿಗೆ ಬರೆಯೋದು ಅಂದ್ರೆ ಅಷ್ಟೇ," ಎಂದೆ. "ನೀನು ಬರೀ ಅಂಗಿ ಕಳಿಸಿದೀಯ, ಒಳಗೆ ಮನುಷ್ಯನೇ ಇಲ್ಲ."

ಅಳಿಸಿ ಅಳಿಸಿ ಬರೆದಳು. ಈ ಸಲ ಮೊದಲ ಸಾಲಿನಲ್ಲೇ ಕೋರಿಕೆ ಇತ್ತು. ಕಣ್ಣು ಮುಚ್ಚಿಕೊಂಡು ಕಳಿಸಿದಳು.

ಗುರುವಾರ ಉತ್ತರ ಬಂತು. ಅಡುಗೆಮನೆ ಭರ್ತಿಯಾಗಿದೆ, ಬಟ್ಟೆ ಒಗೆಯುವ ವಿಭಾಗದಲ್ಲಿ ಜಾಗವಿದೆ, ಬರುತ್ತೀರಾ ಎಂದು ಕೇಳಿದ್ದರು. ವರ್ಷ ಉಳಿಯಿತಲ್ಲ ಎಂದು ನನಗೆ ಹೋದ ಜೀವ ಬಂದಂತಾಯಿತು. ಕೂಡಲೇ ಒಪ್ಪಿಕೋ ಎಂದೆ. ಅವಳು ಕಂಪ್ಯೂಟರಿನತ್ತ ಹೋದಳು. ನಮ್ಮವರು ಒಲ್ಲದ್ದಕ್ಕೂ ಹೂಂ ಎನ್ನುವವರು. ಇವಳೂ ಹೂಂ ಎಂದೇ ಬರೆಯುತ್ತಾಳೆ ಎಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ತಾನು ಕಳಿಸಿದ್ದನ್ನು ತೋರಿಸಿದಳು. "ಮಾನ್ಯರೇ, ಬಟ್ಟೆ ಒಗೆಯುವ ವಿಭಾಗ ನನಗೆ ಬೇಡ. ನಾನು ಕಲಿತಿರುವುದು ಅಡುಗೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದರಿಂದ ಶುರುಮಾಡಲು ಸಿದ್ಧಳಿದ್ದೇನೆ. ದಯವಿಟ್ಟು ಶುಕ್ರವಾರದೊಳಗೆ ತಿಳಿಸಿ."

ಕೈಗೆ ಬಂದ ತುತ್ತು ಚೆಲ್ಲಿದೆಯಲ್ಲೇ ಎಂದು ಬಾಯಿಗೆ ಬಂದಂತೆ ಬೈದೆ. ಗಲಾಟೆ ಕೇಳಿ ಪ್ರಿನ್ಸಿಪಾಲ್ ಸುದಾರ್ಮೋ ಬಂದರು, ಓದಿದರು, ಮಕ್ಕಳಿಗೆ ಈ ಉದ್ಧಟತನ ಕಲಿಸಿದವರು ಯಾರು ಎಂದು ನನ್ನನ್ನೇ ನೋಡಿದರು. ಕಿನಾಸಿಹ್ ಬೆಳಗಿನ ತಿಂಡಿಯನ್ನೂ ಮುಟ್ಟದೆ ಪರದೆಯ ಮುಂದೆ ಕೂತಳು.

ಊಟದ ಹೊತ್ತಿಗೆ ಉತ್ತರ ಬಂತು. ಸೋಮವಾರ ಬೆಳಗಿನ ಪಾಳಿಗೆ ಅಡುಗೆಮನೆಗೆ ಬನ್ನಿ, ಕಪ್ಪು ಬೂಟು ತನ್ನಿ. ಅಷ್ಟೇ.

ಅವಳು ನನ್ನ ತೋಳು ಹಿಡಿದುಕೊಂಡು ಅತ್ತಳು. ಪ್ರಿನ್ಸಿಪಾಲರು ಮತ್ತೆ ಬಂದರು, ಈಗ ಮುಖದ ತುಂಬ ನಗು. "ಭೇಷ್, ಹಾರ್ತಿನಿ ಮೇಡಂ. ಚೆನ್ನಾಗೇ ಕಲಿಸಿದೀರಿ."

ಎಲ್ಲ ನಿಮ್ಮ ಆಶೀರ್ವಾದ ಎಂದು ಕೈಮುಗಿಯುವುದು ನಮ್ಮ ರೂಢಿ. ನಾನು ಕೈಮುಗಿಯಲಿಲ್ಲ.

"ನಾನು ಕಲಿಸಿದ್ದಲ್ಲ ಸ್ವಾಮಿ. ನಾನಾಗಿದ್ರೆ ಬಟ್ಟೆ ಒಗೆಯೋಕೆ ಹೋಗ್ತಿದ್ದೆ. ಇದು ನನ್ನ ಹುಡುಗಿ ತಾನೇ ಬರೆದದ್ದು."

ನನ್ನ ದನಿ ಪಕ್ಕದ ತರಗತಿಗಳಿಗೂ ಕೇಳಿಸಿರಬೇಕು. ಕೇಳಿಸಲಿ.